ವೆಂಕೋಬನ ಏಕಾದಶಿ

ಮಾನ್ವಿಯ ವಿಠ್ಠಲಾಚಾರ್ಯರ ಮಗ ವೆಂಕೋಬ ಹದಿನಾರು ತುಂಬುವ ಹೊತ್ತಿಗೆ ಆರಡಿ ಮೂರಂಗುಲ ಬೆಳೆದು ನಿಂತಿದ್ದ. ಆ ಮನೆತನದಲ್ಲಿ ಅಷ್ಟುದ್ದ ಬೆಳೆದವರು ಹಿಂದೆ ಯಾರೂ ಇರಲಿಲ್ಲ. ಬಾಗಿಲು ಬಾಗಿಲಿಗೂ ಹಣೆ ಬಡಿಸಿಕೊಳ್ಳುತ್ತ ಓಡಾಡುವ ಮಗನನ್ನು ನೋಡಿ ಆಚಾರ್ಯರು, "ಇವಗ ಧೋತ್ರ ಸಾಲಂಗಿಲ್ಲ. ಪಂಕ್ತಿಯೊಳಗ ಕೂಡಿಸಿದ್ರ ಎರಡು ಮಂದಿ ಜಾಗ ಹಿಡೀತಾನ. ಈ ಆಳನ್ನ ತೊಗೊಂಡು ನಾ ಏನು ಮಾಡ್ಲಿ?" ಎನ್ನುತ್ತಿದ್ದರು. ಮನೆಗೆ ಬೇಡವಾದ ಉದ್ದ ಬಾಸ್ಕೆಟ್‌ಬಾಲಿಗೆ ಬೇಕಾಗಿತ್ತು ಎಂಬುದು ಪಾಪ, ಪಾರಾಯಣ ಮಾಡಿಕೊಂಡಿದ್ದ ಆಚಾರ್ಯರಿಗೆ ಹೇಗೆ ಗೊತ್ತಾಗಬೇಕು?

ಎಪ್ಪತ್ತನಾಲ್ಕರಲ್ಲಿ ಕಾಲೇಜು ಓದಲು ರಾಯಚೂರಿಗೆ ಬಂದವನಿಗೆ ಊಟಕ್ಕೆ ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ಪೋಸ್ಟ್ ಮಾಸ್ತರರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಮನೆಯವರೆಲ್ಲ ಒಳ್ಳೆಯವರೇ. ಆದರೆ ಅಂಥ ಆಳಿಗೆ ಮೂರನೆಯ ಸಲ ಅನ್ನ ಬಡಿಸುವಾಗ ಯಾವ ಪುಣ್ಯಾತ್ಗಿತ್ತಿಯ ಕೈಯಾದರೂ ಒಂದಿಷ್ಟು ತಡೆಯುತ್ತದೆ. ಇನ್ನು ತಿಂಗಳಿಗೆ ಎರಡು ಏಕಾದಶಿ. ಆ ದಿನ ಏಳೂ ಮನೆಯ ಒಲೆ ತಣ್ಣಗೆ. ವೆಂಕೋಬನ ಮನೆತನದ ಉಪವಾಸವೆಂದರೆ ಬಾಳೆಹಣ್ಣು, ಅವಲಕ್ಕಿ ತಿಂದು ತೇಗುವ ಉಪವಾಸವಲ್ಲ. ಮರುದಿನ ದ್ವಾದಶಿಯ ಬೆಳಗ್ಗೆ ಪಾರಣೆಗೆ ಕೂರುವ ತನಕ ಹನಿ ನೀರೂ ಇಲ್ಲ.

ಅಂಥದೇ ಒಂದು ಏಕಾದಶಿಯ ಸಂಜೆ ಮೆಹಬೂಬ್ ಪಾಷಾ ಮಾಸ್ತರರು ಅವನನ್ನು ಕಂಡರು. ಪಾಷಾ ಒಂದು ಹೈಸ್ಕೂಲಿನ ಡ್ರಿಲ್ ಮಾಸ್ತರರು. ಕೋಟೆ ಬದಿಯ ಬಯಲಿನಲ್ಲಿ ಕಮ್ಮಾರನಿಂದ ಮಾಡಿಸಿದ ಎರಡು ಕಬ್ಬಿಣದ ರಿಂಗು ನಿಲ್ಲಿಸಿ ಹುಡುಗರನ್ನು ಆಡಿಸುತ್ತಿದ್ದರು. ಅವತ್ತು ಚೆಂಡು ರಿಂಗಿಗೂ ಹಲಗೆಗೂ ನಡುವೆ ಸಿಕ್ಕಿಬಿದ್ದಿತ್ತು; ಹುಡುಗರು ಕಲ್ಲು ಹೊಡೆಯುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ವೆಂಕೋಬ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು, ಒಂದು ನೆಗೆತ ನೆಗೆದು ಚೆಂಡು ಕೆಡವಿ, ತನ್ನ ಪಾಡಿಗೆ ತಾನು ಹೊರಟ.

"ಲೇ ಮಿನಾರ್, ನಿಂದ್ರು!" ಎಂದು ಮಾಸ್ತರರು ಓಡಿಬಂದರು. "ಏನು ತಿಂತೀ ಬೇ ನೀನು?"

"ಇವತ್ತ ಏಕಾದಶಿ ಸರ್ರ. ಏನೂ ತಿಂದಿಲ್ಲ."

"ತಿನ್ನದನ ಇಷ್ಟು ಹಾರ್ತೀ ಅಂದ್ರ, ತಿಂದು ಎಷ್ಟು ಹಾರಬೇಕು ನೀ! ನಾಳಿಂದ ಬಾ."

ಮಾಸ್ತರರ ಮನೆಯಲ್ಲಿ ಅವನು ಉಣ್ಣುವ ಹಾಗಿರಲಿಲ್ಲ. ಹಾಗಾಗಿ ಅವರು ಹುರಿದ ಶೇಂಗಾ, ಬೆಲ್ಲ ಕಟ್ಟಿಕೊಂಡು ಬರುತ್ತಿದ್ದರು. "ಶೇಂಗಾಕ್ಕ ಜಾತಿ ಇಲ್ಲ ಬೇಟಾ, ತಿನ್ನು." ಆ ಶೇಂಗಾ ಬೆಲ್ಲದ ಮೇಲೆ ಮೂರು ವರ್ಷದಲ್ಲಿ ವೆಂಕೋಬ ಆಟಗಾರನಾದ. ಉದ್ದ ಇದ್ದವರು ಬಹಳ ಮಂದಿ ಸಿಗುತ್ತಾರೆ. ಇವನಿಗೆ ಕೈ ಇತ್ತು. ಎಡಗೈ ಬಲಗೈ ಎಂಬ ಭೇದವಿಲ್ಲದೆ, ಎಲ್ಲಿಂದ ಎಸೆದರೂ ಚೆಂಡು ಹಲಗೆ ಮುಟ್ಟದೆ ರಿಂಗಿನೊಳಗೆ ಇಳಿಯುತ್ತಿತ್ತು. ಪಾಷಾ ಮಾಸ್ತರರು ತಲೆಗೆ ಕೈ ಹಚ್ಚಿಕೊಂಡು, "ಇದು ನಾ ಕಲಿಸಿದ್ದಲ್ಲ. ಇದು ಮ್ಯಾಲಿಂದ ಬಂದದ್ದು" ಎನ್ನುತ್ತಿದ್ದರು.

ಎಪ್ಪತ್ತೇಳರಲ್ಲಿ ಬೆಂಗಳೂರಿನ ಒಂದು ಬಟ್ಟೆ ಮಿಲ್ಲಿನವರು ಅವನನ್ನು ಕರೆದರು. ಆಗೆಲ್ಲ ಮಿಲ್ಲುಗಳು ತಮ್ಮದೇ ತಂಡ ಸಾಕುತ್ತಿದ್ದವು. ಮಿಲ್ಲಿನ ಕ್ರೀಡಾ ಅಧಿಕಾರಿ ಶಂಭುಲಿಂಗಪ್ಪ ಷರತ್ತನ್ನು ಬಿಡಿಸಿ ಹೇಳಿದರು: ಎರಡು ವರ್ಷ ಊಟ, ವಸತಿ, ಕೈಖರ್ಚು. ಆಟ ಚೆನ್ನಾಗಿದ್ದರೆ ಆಮೇಲೆ ಕಾಯಂ ನೌಕರಿ. ಇಲ್ಲವಾದರೆ ಬಂದ ಬಸ್ಸಿಗೇ ವಾಪಸ್ಸು.

ವಿಠ್ಠಲಾಚಾರ್ಯರು ಒಪ್ಪಲಿಲ್ಲ. "ಚೆಂಡಾಡಿ ಹೊಟ್ಟಿ ತುಂಬಿಸಿಕೊಂಡವರನ್ನ ನಾ ಇನ್ನೂ ನೋಡಿಲ್ಲ" ಎಂದರು. ಆದರೆ ಆ ಮನೆಯಲ್ಲಿ ಕೊನೆಯ ಮಾತು ಅವರದಲ್ಲ, ಅವರ ತಾಯಿ ಸತ್ಯಭಾಮಾಬಾಯಿಯದು. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ಐವತ್ತು ವರ್ಷ ಮಡಿಯಲ್ಲಿ ಬದುಕಿದ ಮುದುಕಿ. ಐವತ್ತು ವರ್ಷದಲ್ಲಿ ಒಂದೂ ಏಕಾದಶಿ ತಪ್ಪಿಸಿರಲಿಲ್ಲ. ದ್ವಾದಶಿಯ ದಿನ ಸಿರವಾರ, ಪೋತ್ನಾಳದಿಂದೆಲ್ಲ ಮಂದಿ ಕೂಸುಗಳನ್ನು ಕರೆತಂದು, ಮಡಿ ಮುಟ್ಟದ ಹಾಗೆ, ಅವಳ ಮುಂದೆ ಮಲಗಿಸುತ್ತಿದ್ದರು. ಆಚಾರ್ಯರಿಗೆ ಊರಲ್ಲಿ ಮರ್ಯಾದೆ ಅವರ ಪಾಂಡಿತ್ಯಕ್ಕಿಂತ ಈ ತಾಯಿಯ ಉಪವಾಸದಿಂದಲೇ ಹೆಚ್ಚು ಬಂದಿತ್ತು. ಅದು ಅವರಿಗೂ ಗೊತ್ತಿತ್ತು.

ಅಜ್ಜಿ ಮೊಮ್ಮಗನನ್ನು ಒಳಗೆ ಕರೆದಳು. "ಹೋಗು. ಅಲ್ಲೆ ಏನು ತಿಂತೀಯೋ ನಾ ಕೇಳಂಗಿಲ್ಲ. ಉಳ್ಳಾಗಡ್ಡಿ ತಿನ್ನು, ಹೋಟೆಲ್ಲಿನಾಗ ತಿನ್ನು. ಆದ್ರ ಏಕಾದಶಿ ದಿನ ಬಾಯಾಗ ಒಂದು ಹನಿ ನೀರು ಬೀಳಬಾರದು. ನನ್ನ ತಲಿ ಮ್ಯಾಲೆ ಕೈ ಇಟ್ಟು ಆಣಿ ಮಾಡು."

ಮಡಿಯಲ್ಲಿದ್ದ ಅಜ್ಜಿಯನ್ನು ಅವನು ಹುಟ್ಟಿದಾಗಿನಿಂದ ಮುಟ್ಟಿದ್ದೇ ಇಲ್ಲ. ಆ ಸಣ್ಣ ಬೋಳು ತಲೆ ಅವನ ಅಂಗೈಯೊಳಗೆ ಪೂರ್ತಿ ಕೂತಿತು. ಆಣೆ ಮುಗಿದ ಮೇಲೆ ಅಜ್ಜಿ ಮತ್ತೆ ಸ್ನಾನಕ್ಕೆ ಎದ್ದು ಹೋದಳು.

ಬೆಂಗಳೂರಿನಲ್ಲಿ ವೆಂಕೋಬನ ಆಟ ಎಷ್ಟು ಏರಿತೋ ಜಗಳಗಳೂ ಅಷ್ಟೇ ಏರಿದವು. ತಂಡದವರು ಅವನನ್ನು 'ಆಚಾರಿ' ಎಂದು ಕರೆದರು. ಮೆಸ್ಸಿನಲ್ಲಿ ಮೊಟ್ಟೆ ತಿನ್ನಲೇಬೇಕೆಂದು ಅಪ್ಪಣೆಯಾದಾಗ ಅವನು ತಟ್ಟೆ ಸರಿಸಿ ಎದ್ದ. ಅನ್ನದ ಕೆಳಗೆ ಮೊಟ್ಟೆ ಹುಗಿದಿಟ್ಟು ನಕ್ಕವನ ಕೆನ್ನೆಗೆ ಬಾರಿಸಿದ. ಹದಿನೈದು ದಿನ ಬೆಂಚಿನ ಮೇಲೆ ಕೂತ. ಮತ್ತೆ ಆಡಿದ, ಮೂರು ಪಂದ್ಯ ಒಬ್ಬನೇ ಗೆಲ್ಲಿಸಿದ, ಪತ್ರಿಕೆಯಲ್ಲಿ ಹೆಸರು ಬಂತು. ಆ ಕಾಗದದ ತುಂಡನ್ನು ಪಾಷಾ ಮಾಸ್ತರರು ರಾಯಚೂರಿನಲ್ಲಿ ಕಂಡಕಂಡವರಿಗೆಲ್ಲ ತೋರಿಸಿದರು.

ಒಂದು ಪಂದ್ಯದಲ್ಲಿ ಎದುರಾಳಿಯ ಬೆರಳು ಅಂಗಿಯೊಳಗೆ ಸಿಕ್ಕು ಅವನ ಜನಿವಾರ ಹರಿಯಿತು. ಜನಿವಾರ ಹರಿದರೆ ಹೊಸದು ಹಾಕಿಕೊಳ್ಳುವ ತನಕ ಮಾತಾಡಬಾರದು. ಅವನ ಮನೆಯಲ್ಲಿ ಅದು ಕಟ್ಟಳೆ. ವೆಂಕೋಬ ಚೆಂಡು ಕೆಳಗಿಟ್ಟು ಅಂಗಳದ ನಡುವೆ ಬಾಯಿ ಮುಚ್ಚಿ ನಿಂತ. ರೆಫರಿ ಕೇಳಿದ, ಉತ್ತರವಿಲ್ಲ. ಶಂಭುಲಿಂಗಪ್ಪ ಕೂಗಿದರು, ಉತ್ತರವಿಲ್ಲ. ಸೊಕ್ಕು ಎಂದು ಹೊರಗೆ ಹಾಕಿದರು. ತಂಡ ಎರಡು ಅಂಕದಿಂದ ಸೋತಿತು. ಚೀಲದಲ್ಲಿದ್ದ ಇನ್ನೊಂದು ಜನಿವಾರ ಹಾಕಿಕೊಂಡು ಬಂದು ಅವನು ಬಾಯಿ ಬಿಟ್ಟಾಗ ಕೇಳಲು ಯಾರೂ ಉಳಿದಿರಲಿಲ್ಲ. ನಗುವ ಸಂಗತಿಯೇ. ಆದರೆ ನಕ್ಕವರು ಯಾರೂ ಇಲ್ಲ, ಒಂದು ತಿಂಗಳು ಅಮಾನತ್ತಾಯಿತು.

ಏಕಾದಶಿ ಮಾತ್ರ ಅವನ ಕೈ ಹಿಡಿದಿತ್ತು. ವರ್ಷಕ್ಕೆ ಇಪ್ಪತ್ತನಾಲ್ಕು ಏಕಾದಶಿ. ಪಂದ್ಯದ ದಿನಕ್ಕೆ ಬಿದ್ದದ್ದು ಎರಡೋ ಮೂರೋ, ಅವೂ ಚಳಿಗಾಲದಲ್ಲಿ. ಎಪ್ಪತ್ತೊಂಬತ್ತರ ಮೇ ತಿಂಗಳಿನಲ್ಲಿ ಹುಬ್ಬಳ್ಳಿಯ ಪಂದ್ಯ ವೈಶಾಖ ಬಹುಳ ಏಕಾದಶಿಯ ದಿನ ಬಂತು. ಬಿಸಿಲಲ್ಲಿ ಹಾಫ್ ಟೈಮಿನ ತನಕ ಓಡಿ ಬಂದು ಕೂತಾಗ ಯಾರೋ ಲಿಂಬೆ ಪಾನಕದ ಲೋಟ ಕೈಯಲ್ಲಿಟ್ಟರು. ಅರ್ಧ ಲೋಟ ಒಳಗೆ ಹೋದ ಮೇಲೆ ಅವನಿಗೆ ನೆನಪಾಯಿತು. ನೆನಪಾದ ಮೇಲೂ ಉಳಿದರ್ಧ ಕುಡಿದ, ಅಷ್ಟು ನೀರಡಿಸಿತ್ತು. ಪಂದ್ಯ ಗೆದ್ದರು.

ಮರುದಿನ ಮಧ್ಯಾಹ್ನ ತಂತಿ ಬಂತು. ಅಜ್ಜಿ ಬೆಳಗ್ಗೆ ತೀರಿಕೊಂಡಿದ್ದಳು.

ಅವನು ಮಾನ್ವಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳದ ತುಂಬ ಮಂದಿ. ನಡುವೆ ಕೂತ ಆಚಾರ್ಯರು ಬಂದವರಿಗೆಲ್ಲ ಹೇಳುತ್ತಿದ್ದರು: "ಎರಡು ದಿನದಿಂದ ವಾಂತಿ ಭೇದಿ. ಆದ್ರೂ ಏಕಾದಶಿ ಬಿಡಲಿಲ್ಲ ನಮ್ಮವ್ವ. ಬಾಯಾಗ ಹನಿ ನೀರು ಹಾಕಿಸಿಕೊಳ್ಳಲಿಲ್ಲ. ದ್ವಾದಶಿ ಬೆಳಗಿನ್ಯಾಗ ಹರಿಪಾದ ಸೇರಿದ್ಲು." ಮಂದಿ ಕೈ ಮುಗಿದರು. ಸಾವೆಂದರೆ ಹೀಗಿರಬೇಕು ಎಂದರು. ವೆಂಕೋಬ ಗೋಡೆಗೆ ಆತು ಕೂತು ತನ್ನ ಅಂಗೈ ನೋಡಿಕೊಂಡ. ಅಜ್ಜಿ ಹನಿ ನೀರಿಲ್ಲದೆ ಒದ್ದಾಡುವಾಗ ತಾನು ಲೋಟ ತುಂಬ ಪಾನಕ ಕುಡಿದಿದ್ದ, ಅದೂ ಅವಳ ತಲೆ ಮೇಲೆ ಆಣೆ ಇಟ್ಟವನು. ಕೊಂದವನು ತಾನೇ. ಇದನ್ನು ಅವನು ಯಾರ ಮುಂದೆಯೂ ಆಡಲಿಲ್ಲ. ಅವನ ತಾಯಿ ಕಾವೇರಿಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎರಡು ಸಲ ಅವನ ಕಡೆ ಬಂದಳು, ಎರಡು ಸಲವೂ ಗಂಡನ ಮುಖ ನೋಡಿ ತಿರುಗಿ ಹೋದಳು.

ಅಲ್ಲಿಂದ ಮುಂದಿನ ವರ್ಷ ವೆಂಕೋಬ ಹುಚ್ಚು ಹಿಡಿದವನ ಹಾಗೆ ಆಡಿದ. ನಗಲಿಲ್ಲ, ಯಾರ ಜೊತೆಗೂ ಕೂಡಲಿಲ್ಲ. ರಾಜ್ಯ ತಂಡಕ್ಕೆ ಅವನ ಹೆಸರು ಹೋಗಿದೆ ಎಂಬ ಸುದ್ದಿ ಹಬ್ಬಿತು. ಅದೇ ತಿಂಗಳು ಫೌಲಿನ ವಿಷಯಕ್ಕೆ ರೆಫರಿಯನ್ನು ದೂಡಿ ಮತ್ತೆ ಅಮಾನತ್ತಾದ. ಎರಡು ವರ್ಷದ ಅವಧಿ ಮುಗಿದು ಆರು ತಿಂಗಳು ಕಳೆದರೂ ಕಾಯಂ ಆಗಲಿಲ್ಲ. ಎಂಬತ್ತರ ಏಪ್ರಿಲ್ಲಿನಲ್ಲಿ ಶಂಭುಲಿಂಗಪ್ಪ ಅವನನ್ನು ಕರೆಸಿ, "ನೋಡಯ್ಯ, ನಿನ್ನ ಊರು ರಾಯಚೂರಿನಲ್ಲೇ ಪಂದ್ಯಾವಳಿ ಇದೆ. ಮ್ಯಾನೇಜರು ತಾವೇ ಬರುತ್ತಾರೆ. ಫೈನಲ್ ಗೆಲ್ಲಿಸು, ಕಾಗದಕ್ಕೆ ಸಹಿ ಹಾಕಿಸುತ್ತೇನೆ. ಮತ್ತೊಂದು ನಾಟಕ ಮಾಡಿದೆಯೋ, ಅಲ್ಲೇ ಇಳಿದುಕೋ" ಎಂದರು.

ಫೈನಲ್ ವೈಶಾಖ ಶುದ್ಧ ಏಕಾದಶಿಯ ದಿನ ಬಿತ್ತು. ಬೇಸಗೆಯ ರಾಯಚೂರು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹತ್ತು ಗಂಟೆಗೆಲ್ಲ ಕೋಟೆಯ ಕಲ್ಲು ಮುಟ್ಟಲು ಬರುವುದಿಲ್ಲ. ಪಂದ್ಯ ನಾಲ್ಕು ಗಂಟೆಗೆ, ಹೊಸದಾಗಿ ಹಾಕಿದ ಸಿಮೆಂಟಿನ ಅಂಗಳದಲ್ಲಿ.

ಬೆಳಗ್ಗೆ ಅವನು ತಂದೆತಾಯಿಯನ್ನು ನೋಡಲು ಹೋದ. ಅವರು ಮಗನ ಆಟಕ್ಕೆಂದೇ ಬಂದು ಹಳೆಯ ವಾರಾನ್ನದ ವಕೀಲರ ಮನೆಯಲ್ಲಿ ಇಳಿದಿದ್ದರು. ಕಾವೇರಿಬಾಯಿ ಮಗನ ಒಣಗಿದ ತುಟಿ ನೋಡಿದಳು.

"ವೆಂಕೋಬಾ, ಈ ಬಿಸಿಲಾಗ ಆಡೋದದ. ಒಂದು ಗುಟುಕು ನೀರು..."

"ಏನದು?" ಎಂದರು ಆಚಾರ್ಯರು. "ಐವತ್ತು ವರ್ಷ ಏಕಾದಶಿ ಮಾಡಿದಾಕಿ ಮೊಮ್ಮಗ ಅವ. ಒಂದು ದಿನಕ್ಕ ಸಾಯಂಗಿಲ್ಲ."

ಕಾವೇರಿಬಾಯಿ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ವೆಂಕೋಬ ಅಪ್ಪನ ಮಾತು ಸರಿ ಎಂದೇ ತಿಳಿದ. ಒಂದು ಸಲ ಆಣೆ ಮುರಿದದ್ದಕ್ಕೆ ಒಬ್ಬರು ಹೋಗಿದ್ದರು. ಮನೆಯಲ್ಲಿ ಇನ್ನೂ ಇಬ್ಬರು ಉಳಿದಿದ್ದರು.

ಮೊದಲ ಅರ್ಧದಲ್ಲಿ ಅವನು ಆಡಿದ ಆಟವನ್ನು ರಾಯಚೂರಿನ ಹಳಬರು ಬಹಳ ದಿನ ಆಡಿಕೊಂಡರು. ಇಪ್ಪತ್ತೆರಡು ಅಂಕ ಅವನೊಬ್ಬನದೇ. ಹಾಫ್ ಟೈಮಿನಲ್ಲಿ ತಂಡದವರು ತಲೆ ಮೇಲೆ ಕೊಡ ಕೊಡ ನೀರು ಸುರಿದುಕೊಂಡರು. ಅವನೂ ಸುರಿಸಿಕೊಂಡ, ತುಟಿ ಬಿಗಿಹಿಡಿದು, ಒಂದು ಹನಿ ಒಳಗಿಳಿಯದ ಹಾಗೆ. ಪಾಷಾ ಮಾಸ್ತರರು ಜನರನ್ನು ದಾಟಿ ಬಂದು ಅವನ ಎದುರು ಕುಕ್ಕರಗಾಲಲ್ಲಿ ಕೂತರು. ಅವನ ತೋಳು ಮುಟ್ಟಿ ನೋಡಿದರು. ಕೊಡ ನೀರು ಸುರಿದ ಮೈ ಆಗಲೇ ಒಣಗಿ ಸುಡುತ್ತಿತ್ತು, ಬೆವರೇ ಇರಲಿಲ್ಲ.

"ಬೇಟಾ, ಬೆವರು ನಿಂತದ. ಇದು ಚಲೋ ಅಲ್ಲ. ನೀರು ಕುಡಿ."

"ಏಕಾದಶಿ ಸರ್ರ."

"ನಾವೂ ರೋಜಾ ಹಿಡೀತೀವಿ. ಬೀಮಾರ್ ಆದವಗ ಅದರಾಗೂ ಮಾಫಿ ಅದ. ನಿಮ್ಮ ದೇವರು ಅಷ್ಟು ಸಿಟ್ಟಿನವನೇನು?"

"ದೇವರದಲ್ಲ ಸರ್ರ. ಅಜ್ಜಿ ಆಣಿ ಅದ."

"ಹಂಗಾದ್ರ ಆಡಬ್ಯಾಡ, ಕೂಡು."

"ಕೂತ್ರ ನೌಕರಿ ಹೋಗ್ತದ."

ಮಾಸ್ತರರು ನೀರಿನ ಬಾಟಲಿ ಹಿಡಿದುಕೊಂಡು ಹಾಗೇ ಕೂತರು. ಶೇಂಗಾ ತಿನ್ನಿಸಿ ಬೆಳೆಸಿದ ಕೈಗೆ ಒಂದು ಗುಟುಕು ನೀರು ಕುಡಿಸಲು ಆಗಲಿಲ್ಲ. ಸಾಯುವ ತನಕ ಅವರು ಆ ಒಂದು ಸಂಗತಿಯನ್ನು ತಮಗೆ ತಾವು ಕ್ಷಮಿಸಲಿಲ್ಲ.

ಪಂದ್ಯ ಮುಗಿಯಲು ಮೂರು ನಿಮಿಷ ಇರುವಾಗ ವೆಂಕೋಬ ತನ್ನ ತಂಡದ ರಿಂಗಿಗೇ ಚೆಂಡು ಹಾಕಿದ. ಜನ ನಕ್ಕರು. ಶಂಭುಲಿಂಗಪ್ಪ ಎದ್ದು ನಿಂತು ಬಯ್ದರು. ಅವನು ಯಾರನ್ನೂ ಗುರುತಿಸದ ಕಣ್ಣಲ್ಲಿ ಸುತ್ತ ನೋಡಿ, "ಅಜ್ಜೀ, ಮುಟ್ಟಲೇನು?" ಎಂದು ಕೇಳಿ ಬಿದ್ದ. ಬಿದ್ದಲ್ಲೇ ಕೈಕಾಲು ಸೆಟೆದು ನಡುಗಿದವು. ಸಿಮೆಂಟಿನ ಮೇಲೆ ತಲೆ ಬಡಿದ ಸಪ್ಪಳ ಹೆಂಗಸರು ಕೂತ ಕಡೆಗೂ ಕೇಳಿಸಿತು. ಕಾವೇರಿಬಾಯಿ ಅಲ್ಲಿಯೇ ಕೂತಿದ್ದಳು.

ಆಸ್ಪತ್ರೆಯಲ್ಲಿ ಎಂಟು ದಿನ ಎಚ್ಚರವಿರಲಿಲ್ಲ. ಮೂರು ದಿನ ಮೂತ್ರ ನಿಂತಿತ್ತು. ಬದುಕಿದ್ದೇ ಹೆಚ್ಚು ಎಂದರು ಡಾಕ್ಟರು. ಬಿಸಿಲು ಮೆದುಳಿಗೆ ಏರಿತ್ತು. ಎದ್ದು ನಡೆದಾಗ ಕುಡಿದವನ ಹಾಗೆ ತೂಗಾಡಿದ. ಕೈ ನಡುಗತೊಡಗಿತು, ಸುಮ್ಮನಿದ್ದಾಗ ಇಲ್ಲ, ಏನಾದರೂ ಹಿಡಿಯಲು ಚಾಚಿದಾಗ ಮಾತ್ರ. ಡಾಕ್ಟರು ಕಡೆಗೆ, "ಮೂತ್ರಪಿಂಡ ಅರ್ಧ ಸತ್ತಾವ. ದಿನಾ ಕೊಡ ನೀರು ಕುಡೀಬೇಕು, ಒಂದು ದಿನಾನೂ ತಪ್ಪಿಸಬಾರದು" ಎಂದು ಹೇಳಿ ಕಳಿಸಿದರು. ತಂಡ ಆ ಪಂದ್ಯ ಗೆದ್ದಿತ್ತು. ಎರಡು ತಿಂಗಳ ಮೇಲೆ ಮಿಲ್ಲಿನಿಂದ ಕಾಗದ ಬಂತು. ಆಡಲು ಅನರ್ಹನಾದ್ದರಿಂದ ಸೇವೆ ಮುಗಿದಿದೆ ಎಂದು ನಾಲ್ಕು ಸಾಲು. ಆಗ ವೆಂಕೋಬನಿಗೆ ಇಪ್ಪತ್ತೆರಡು ವರ್ಷ.

ಮುಂದಿನದು ಹೇಳಲು ಬಹಳಿಲ್ಲ. ಪಾಷಾ ಮಾಸ್ತರರು ಅವರಿವರ ಕಾಲು ಹಿಡಿದು ದೇವದುರ್ಗದ ಒಂದು ಖಾಸಗಿ ಶಾಲೆಯಲ್ಲಿ ಡ್ರಿಲ್ ಮಾಸ್ತರನ ಹಂಗಾಮಿ ಕೆಲಸ ಕೊಡಿಸಿದರು. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಸೀಟಿ ಊದುವ ಮಾಸ್ತರ. ಹುಡುಗರು ಕಬಡ್ಡಿ ಆಡುತ್ತಿದ್ದರು. ಬಾಸ್ಕೆಟ್‌ಬಾಲಿನ ಹೆಸರನ್ನು ಅವನು ಎತ್ತಲಿಲ್ಲ. ಹೆಣ್ಣು ಕೊಡಲು ಯಾರೂ ಬರಲಿಲ್ಲ. ಏಕಾದಶಿಗಳನ್ನು ಮಾತ್ರ ಅವನು ಬಿಡಲಿಲ್ಲ, ಹನಿ ನೀರಿಲ್ಲದೆ, ತಿಂಗಳಿಗೆ ಎರಡು. ಪ್ರತಿ ದ್ವಾದಶಿಗೂ ಅವನ ಮುಖ, ಪಾದ ಬಾತುಕೊಳ್ಳುತ್ತಿದ್ದವು. ಮಾನ್ವಿಯಲ್ಲಿ ಆಚಾರ್ಯರು ಪ್ರವಚನದಲ್ಲಿ ತಾಯಿಯ ಕೊನೆಯ ಏಕಾದಶಿಯ ಕಥೆಗೆ ಮಗನ ಕಥೆಯನ್ನೂ ಸೇರಿಸಿ ಹೇಳುತ್ತಿದ್ದರು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಎಂಬತ್ತೈದರಲ್ಲಿ ಆಚಾರ್ಯರು ತೀರಿಕೊಂಡರು. ವರ್ಷದ ಕರ್ಮ ಮುಗಿಸಿ ಕಾವೇರಿಬಾಯಿ ಮಗನ ಹತ್ತಿರ ದೇವದುರ್ಗಕ್ಕೆ ಬಂದಳು. ಬಂದ ಮೊದಲ ಏಕಾದಶಿಯ ಮಧ್ಯಾಹ್ನ ಅವಳು ಒಂದು ತಂಬಿಗೆ ನೀರು ತಂದು ಮಗನ ಮುಂದೆ ಇಟ್ಟಳು.

"ಕುಡಿ."

"ಇವತ್ತು ಏಕಾದಶಿ ಅವ್ವಾ."

"ಗೊತ್ತದ." ಅವಳು ನೆಲದ ಮೇಲೆ ಕೂತಳು. ಅವನ ಮುಖ ನೋಡಲಿಲ್ಲ. "ನಿಮ್ಮಜ್ಜಿ ಸಾಯೋ ಹಿಂದಿನ ದಿನ ನೀರು ಕುಡದಾಳ. ಏಕಾದಶಿ ದಿನಾನ. ನಾನ ಕುಡಿಸೀನಿ, ಎರಡು ತಂಬಿಗಿ. ನೀರಡಿಸಿ ನಾಲಿಗಿ ಒಳಗ ಹೋಗಿತ್ತು. ಕೈ ಹಿಡಕೊಂಡು ಬೇಡಿದ್ಲು. ಕುಡದ ಮ್ಯಾಲೆ ಅಂದ್ಲು, 'ಕಾವೇರೀ, ಈ ತ್ರಾಸು ನನಗ ಗೊತ್ತಿರಲಿಲ್ಲವಾ. ಆ ಕೂಸು ಬಿಸಿಲಾಗ ಓಡ್ತದ. ಆಣಿ ವಾಪಸ್ ತೊಗೊಂಡೀನಿ ಅಂತ ಅದಕ್ಕ ಬರದು ಹಾಕು. ನೀರು ಕುಡಿ ಅಂತ ಬರಿ.'"

ಕಾವೇರಿಬಾಯಿ ತಂಬಿಗೆಯನ್ನು ಮಗನ ಹತ್ತಿರಕ್ಕೆ ಸರಿಸಿದಳು.

"ನಿಮ್ಮಪ್ಪ ಬರೀಲಿಕ್ಕೆ ಬಿಡಲಿಲ್ಲ. ಮಂದಿ ಮುಂದ ಆಗಲೇ ಹೇಳಿಬಿಟ್ಟಿದ್ರು, ನಮ್ಮವ್ವ ಹನಿ ನೀರು ಮುಟ್ಟಲಿಲ್ಲ ಅಂತ. ಐವತ್ತು ವರ್ಷದ್ದು ಒಂದು ತಂಬಿಗಿ ನೀರಾಗ ಹೋಗ್ತದ, ಬಾಯಿ ಮುಚ್ಚು ಅಂದ್ರು. ನಾ ಮುಚ್ಚಿದೆ. ನೀ ಬಿದ್ದ ದಿನ ಬೆಳಿಗ್ಗೆ ನಾಲಿಗಿ ತುದಿಗೆ ಬಂದಿತ್ತು. ಬಿದ್ದ ಮ್ಯಾಲೆ ಹೆಂಗ ಹೇಳಲಿ? ಯಾವ ಬಾಯಿಲೆ ಹೇಳಲಿ?"

ಹೊರಗೆ ಶಾಲೆಯ ಗಂಟೆ ಬಾರಿಸಿತು. ಹುಬ್ಬಳ್ಳಿಯಲ್ಲಿ ತಾನು ಪಾನಕ ಕುಡಿದ ಅದೇ ದಿನ ಮಾನ್ವಿಯಲ್ಲಿ ಅಜ್ಜಿ ನೀರು ಕುಡಿದು ಆಣೆ ಹಿಂದಕ್ಕೆ ಪಡೆದಿದ್ದಳು ಎಂಬುದನ್ನು ವೆಂಕೋಬ ಲೆಕ್ಕ ಹಾಕಿಕೊಂಡ. ತಾನು ಯಾರನ್ನೂ ಕೊಂದಿರಲಿಲ್ಲ. ಏಳು ವರ್ಷ ಹೊತ್ತದ್ದು ಇಲ್ಲದ ಪಾಪವನ್ನು. ಅವನಿಗೆ ಕೂಗಬೇಕೆನಿಸಿತು, ಆ ತಂಬಿಗೆಯನ್ನು ಗೋಡೆಗೆ ಎಸೆಯಬೇಕೆನಿಸಿತು. ಎದುರಿಗೆ ಕೂತ ಮುದುಕಿಯ ತಲೆ ನೋಡಿದ. ಕೂದಲೆಲ್ಲ ಬೆಳ್ಳಗಾಗಿತ್ತು.

"ಒಂದು ಕಾರ್ಡಿನ್ಯಾಗ ಹಿಡೀತಿತ್ತಲ್ಲವ್ವಾ ಇಷ್ಟು ಮಾತು," ಎಂದ. "ಹದಿನೈದು ಪೈಸೆ ಕಾರ್ಡಿನ್ಯಾಗ."

ಆಮೇಲೆ ತಂಬಿಗೆಗೆ ಕೈ ಚಾಚಿದ. ಕೈ ನಡುಗಿ ನೀರು ತೊಡೆಯ ಮೇಲೆ, ನೆಲದ ಮೇಲೆ ಚೆಲ್ಲಿತು. ಎರಡು ಸಲ ಬಾಯಿಗೆ ಒಯ್ದ, ಎರಡು ಸಲವೂ ಅಂಚು ಹಲ್ಲಿಗೆ ಬಡಿಯಿತು. ಕಾವೇರಿಬಾಯಿ ಎದ್ದು ಬಂದು, ಅವನ ಗದ್ದ ಹಿಡಿದು, ಉಳಿದ ನೀರನ್ನು ತಾನೇ ಕುಡಿಸಿದಳು.